ತಲೆಗೆ ಪೆಟ್ಟಾದ ಮಗುವಿನ ಊಟ: ಪೈಪಿನಿಂದ ತುತ್ತಿನವರೆಗೆ

ತಲೆಗೆ ತೀವ್ರ ಪೆಟ್ಟು ಬಿದ್ದು ಪ್ರಜ್ಞೆಯಿಲ್ಲದೆ ಮಲಗಿರುವ ಮಗುವಿನ ಮೈ ಒಳಗೊಳಗೇ ದುಡಿಯುತ್ತಿರುತ್ತದೆ. ಬೇಕಾದ ಶಕ್ತಿ ಹೊರಗಿನಿಂದ ಸಿಗದಿದ್ದರೆ ತನ್ನ ಮಾಂಸಖಂಡಗಳನ್ನೇ ಕರಗಿಸಿಕೊಳ್ಳುತ್ತದೆ. ಹಾಗಾಗಿ 'ಎಚ್ಚರವಾಗಲಿ, ಆಮೇಲೆ ಊಟ' ಎಂದು ವೈದ್ಯರು ಕಾಯುವುದಿಲ್ಲ. ಇಂಥ ಮಕ್ಕಳ ಚಿಕಿತ್ಸೆಗೆಂದು 2019ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ, ಪೆಟ್ಟಾದ 72 ಗಂಟೆಯೊಳಗೆ ಹೊಟ್ಟೆಗೆ ಆಹಾರ ಶುರುವಾಗಲಿ ಎನ್ನುತ್ತದೆ.

ಸಾಮಾನ್ಯವಾಗಿ ಮೂಗಿನಿಂದ ಜಠರಕ್ಕೆ ತೆಳುವಾದ ಪೈಪ್ ಇಳಿಸುತ್ತಾರೆ. ತಲೆಬುರುಡೆಯ ತಳ ಬಿರುಕು ಬಿಟ್ಟಿರುವ ಅನುಮಾನವಿದ್ದರೆ ಬಾಯಿಂದ ಇಳಿಸುತ್ತಾರೆ. ಮೊದಮೊದಲು ಜಠರ ನಿಧಾನಕ್ಕೆ ಖಾಲಿಯಾಗುವುದರಿಂದ ಆಹಾರವನ್ನು ಹಂತಹಂತವಾಗಿ ಏರಿಸುತ್ತಾರೆ. ಐಸಿಯುವಿನಲ್ಲಿರುವ ಮಗುವಿಗೆ ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ ಕನಿಷ್ಠ 1.5 ಗ್ರಾಂ ಪ್ರೋಟೀನ್ ಬೇಕು. 20 ಕೆಜಿಯ ಮಗುವಿಗೆ 30 ಗ್ರಾಂ. ಒಂದು ಮೊಟ್ಟೆಯಲ್ಲಿರುವುದು ಸುಮಾರು 6 ಗ್ರಾಂ. ಬರೀ ಗಂಜಿ, ಎಳನೀರು ಸಾಲವು ಎಂಬುದು ಇದರಿಂದಲೇ ತಿಳಿಯುತ್ತದೆ.

ಪೈಪ್ ಜತೆಗೇ ಮನೆಗೆ ಬಂದರೆ, ಪ್ರತಿ ಸಲವೂ ಆಹಾರ ಹಾಕುವ ಮುನ್ನ ಮೂಗಿನ ಬಳಿಯ ಗುರುತು ಸರಿದಿಲ್ಲವೇ ನೋಡಿ, ನರ್ಸ್ ಹೇಳಿಕೊಟ್ಟಂತೆ ಪೈಪ್ ಜಠರದಲ್ಲೇ ಇದೆಯೆಂದು ಖಚಿತಪಡಿಸಿಕೊಳ್ಳಿ. ಅನುಮಾನ ಬಂದರೆ ಏನನ್ನೂ ಹಾಕಬೇಡಿ. ತಲೆ, ಎದೆ ಎತ್ತರದಲ್ಲಿರಲಿ. ಹಾಕಿದ ಮೇಲೂ ಅರ್ಧ ಗಂಟೆ ಹಾಗೇ ಇರಲಿ. ಸೋಸದ ರಾಗಿ ಗಂಜಿ ಪೈಪಿನಲ್ಲಿ ಕಟ್ಟಿಕೊಳ್ಳುತ್ತದೆ. ಆಹಾರವಾಗಲಿ ಔಷಧಿಯಾಗಲಿ, ಹಾಕಿದ ನಂತರ ಹೇಳಿದಷ್ಟು ನೀರು ಬಿಟ್ಟು ಪೈಪ್ ತೊಳೆಯಬೇಕು. ಫಿಟ್ಸ್‌ಗೆ ಕೊಡುವ ಫೆನಿಟೋಯಿನ್ ಆಹಾರದೊಂದಿಗೆ ಹೋದರೆ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಎಷ್ಟು ಬಿಡುವು ಕೊಡಬೇಕೆಂದು ವೈದ್ಯರನ್ನೇ ಕೇಳಿ. ಹಲವು ವಾರ ಪೈಪ್ ಬೇಕಾಗುವಂತಿದ್ದರೆ ಹೊಟ್ಟೆಗೇ ನೇರವಾಗಿ ಕೂರಿಸುವ ಪೈಪಿನ ಮಾತು ಬರುತ್ತದೆ.

ಮಗು ಕಣ್ಣು ಬಿಟ್ಟಾಗ 'ಒಂದು ಗುಟುಕು ನೀರಾದರೂ ಕುಡಿಸೋಣ' ಎನ್ನುವುದು ಮನೆಯವರ ಆಸೆ. ಅಪಾಯ ಇರುವುದೇ ಅಲ್ಲಿ. ನಮಗೆ ನೆತ್ತಿಗೆ ಹತ್ತಿದರೆ ಕೆಮ್ಮು ಬರುತ್ತದೆ. ಈ ಮಕ್ಕಳಲ್ಲಿ ಕೆಲವರಿಗೆ ಕೆಮ್ಮೇ ಬಾರದೆ ನೀರು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಗಂಟಲು ಸಜ್ಜಾಗುವ ಮೊದಲೇ ತೆಳು ನೀರು ಜಾರಿಬಿಡುತ್ತದೆ. ಆದ್ದರಿಂದ ಸ್ಪೀಚ್ ಥೆರಪಿಸ್ಟ್ ನುಂಗುವುದನ್ನು ಪರೀಕ್ಷಿಸಿದ ಮೇಲೆಯೇ ಬಾಯಿಗೆ ತುತ್ತು. ಹಲವರಿಗೆ ಗಂಟಿಲ್ಲದ ರಾಗಿ ಸರಿ, ಕಡೆದ ಗಟ್ಟಿ ಮೊಸರಿನಂಥವು ಮೊದಲು, ನೀರು ಆಮೇಲೆ. ಬಾಯಿಂದ ಸಾಕಷ್ಟು ಇಳಿಯುವ ತನಕ ಪೈಪ್ ತೆಗೆಯುವುದಿಲ್ಲ.

ತಿಂಗಳುಗಳು ಕಳೆದಂತೆ ಲೆಕ್ಕ ತಿರುಗಬಹುದು. ಓಡಾಟ ಕಡಿಮೆಯಾಗಿ, ಕೆಲವೊಮ್ಮೆ ಹಸಿವನ್ನು ಹತೋಟಿಯಲ್ಲಿಡುವ ಮಿದುಳಿನ ಭಾಗಕ್ಕೂ ಪೆಟ್ಟಾಗಿ, ತೂಕ ಅತಿಯಾಗಿ ಏರುತ್ತದೆ. ಆಸ್ಪತ್ರೆಗೆ ಹೋದಾಗಲೆಲ್ಲ ತೂಕ, ಎತ್ತರ ಬರೆಸಿಕೊಳ್ಳಿ. ಊಟದ ಪಟ್ಟಿಯನ್ನು ಆಹಾರತಜ್ಞರು ಬದಲಿಸುವುದು ಅದನ್ನು ನೋಡಿಯೇ.