ಅಂಜಿಕೆಯೂ ಕಲಿಕೆಯೂ

ಮನೆಯಲ್ಲಿ ಪದ್ಯವನ್ನು ತಪ್ಪಿಲ್ಲದೆ ಒಪ್ಪಿಸಿದ ಹುಡುಗ ತರಗತಿಯಲ್ಲಿ ಎದ್ದು ನಿಂತೊಡನೆ ತಡವರಿಸುತ್ತಾನೆ. 'ಓದಿಲ್ಲ' ಎಂದು ನಾವು ಗದರುತ್ತೇವೆ. ಎಷ್ಟೋ ಸಲ ಅವನು ಓದಿಯೇ ಇರುತ್ತಾನೆ. ಅಂಜಿಕೆಯು ನೆನಪಿನ ಬಾಗಿಲನ್ನು ಮುಚ್ಚಿರುತ್ತದೆ.

ಇದು ಹೇಗೆ? ಮೆದುಳಿನ ಒಳಗೆ ಎರಡೂ ಬದಿಗೆ ಅಮಿಗ್ಡಲ ಎಂಬ, ಬಾದಾಮಿಯಾಕಾರದ ಚಿಕ್ಕ ಭಾಗವಿದೆ. ಅಪಾಯವನ್ನು ಗುರುತಿಸುವುದು ಅದರ ಕೆಲಸಗಳಲ್ಲಿ ಒಂದು. ಅದರ ಪಕ್ಕದಲ್ಲಿಯೇ, ಹೊಸ ಪಾಠ ನೆನಪಿನಲ್ಲಿ ನಿಲ್ಲಲು ನೆರವಾಗುವ ಹಿಪೊಕ್ಯಾಂಪಸ್ ಇದೆ. ಹಣೆಯ ಹಿಂದಿನ ಭಾಗವು ಗಮನವನ್ನೂ ವಿವೇಚನೆಯನ್ನೂ ನಡೆಸುತ್ತದೆ. ನಾವು ಅಂಜಿದಾಗ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳು ರಕ್ತದಲ್ಲಿ ಹೆಚ್ಚುತ್ತವೆ. ಎದೆ ಬಡಿದುಕೊಳ್ಳುತ್ತದೆ, ಕಲಿತದ್ದು ಬೇಕಾದ ಹೊತ್ತಿಗೆ ನೆನಪಿಗೆ ಬರುವುದಿಲ್ಲ. ಹಾವನ್ನು ಕಂಡು ಓಡಲು ಇದು ಉಪಕಾರಿ. ವ್ಯಾಕರಣ ಕಲಿಯಲು ಅಲ್ಲ.

ಹಾಗೆಂದು ಭಾವನೆಯು ಕಲಿಕೆಯ ಶತ್ರುವಲ್ಲ. ಸಂತೋಷದಿಂದ ಜಾತ್ರೆಯಲ್ಲಿ ಕಂಡದ್ದು ವರ್ಷಗಳ ಮೇಲೂ ನೆನಪಿರುತ್ತದೆಯಲ್ಲವೇ? ಕುತೂಹಲದಿಂದ ಕಲಿತ ಪಾಠವೂ ಹಾಗೆಯೇ.

ನಮ್ಮ ಭಾಗದ ಮಕ್ಕಳಿಗೆ ಇನ್ನೊಂದು ಅಂಜಿಕೆಯುಂಟು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ ಜಿಲ್ಲೆಯ ಜಹೀರಾಬಾದ, ನಾರಾಯಣಖೇಡಗಳೂ ಗುಲಬರ್ಗಾ ಜಿಲ್ಲೆಯ ತಾಂಡೂರೂ ಆಂಧ್ರಪ್ರದೇಶಕ್ಕೆ ಸೇರಿದವು, 2014ರಿಂದ ತೆಲಂಗಾಣದಲ್ಲಿವೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು ಮತ್ತು ಉರ್ದು, ಮುಂದಿನ ಓದಿಗೆ ಇಂಗ್ಲಿಷು. ತಪ್ಪಿದರೆ ನಕ್ಕಾರೆಂದು ಮಕ್ಕಳು ಬಾಯಿ ತೆರೆಯುವುದಿಲ್ಲ. ಬಾಯಿ ತೆರೆಯದೆ ಭಾಷೆ ಬರುವುದೆಂತು? ತಪ್ಪನ್ನು ತಿದ್ದೋಣ, ನಗುವುದು ಬೇಡ.

ಹರೆಯದಲ್ಲಿ ಭಾವನೆಗಳು ಬಲವಾಗಿರುತ್ತವೆ. ಅವುಗಳನ್ನು ಹತೋಟಿಯಲ್ಲಿಡುವ ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಹತ್ತನೆಯ ತರಗತಿಯ ಮಗ ಸಿಡುಕಿದನೆಂದರೆ ಕೆಟ್ಟುಹೋದನೆಂದು ತಿಳಿಯಬಾರದು.

ಹಿರಿಯರು 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎನ್ನುತ್ತಾರೆ. ಮೆದುಳಿನ ಮಟ್ಟಿಗೆ ಈ ಗಾದೆ ಪೂರ್ತಿ ನಿಜವಲ್ಲ. ಲಂಡನ್ ನಗರದ ಟ್ಯಾಕ್ಸಿ ಚಾಲಕರು ಪರವಾನಗಿಗಾಗಿ ಸಾವಿರಾರು ಬೀದಿಗಳನ್ನು ನೆನಪಿಡಬೇಕು. ಹಾಗೆ ಕಲಿತು ತೇರ್ಗಡೆಯಾದ ವಯಸ್ಕರಲ್ಲಿ ಹಿಪೊಕ್ಯಾಂಪಸಿನ ಹಿಂಭಾಗ ಬೆಳೆದುದನ್ನು 2011ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಕಲಿಯುವ ಶಕ್ತಿ ವಯಸ್ಸಿನೊಂದಿಗೆ ನಿಧಾನವಾದೀತು, ನಿಂತುಹೋಗುವುದಿಲ್ಲ.

ವಿದ್ಯಾರ್ಥಿಗಳೇ, ಉತ್ತರ ಮರೆತಾಗ ನಿಧಾನವಾಗಿ ಉಸಿರೆಳೆದು ಬಿಡಿರಿ. ಎದೆ ಶಾಂತವಾದರೆ ನೆನಪು ಮರಳುವುದುಂಟು. ಪಾಲಕರೇ, ಮಗು ಮನೆಗೆ ಬಂದಾಗ 'ಅಂಕ ಎಷ್ಟು?' ಎನ್ನುವ ಮೊದಲು 'ಇವತ್ತು ಏನು ಕಲಿತೆ?' ಎಂದು ಕೇಳಿರಿ. ಓದು ಬಾರದ ತಾಯಿ ದಿನಕ್ಕೊಂದು ಅಕ್ಷರವನ್ನು ಮಗಳಿಂದಲೇ ಕಲಿಯಬಹುದು. ತಾಯಿಗೆ ಅಕ್ಷರ ಬರುತ್ತದೆ. ಕಲಿಸಿದ ಮಗಳ ಅಂಜಿಕೆಯೂ ಹೋಗುತ್ತದೆ.