ಗಾಡಿ ‘ಮಿಸ್ಸಿಂಗ್’ ಹೊಡೆಯುತ್ತಿದೆಯೇ? ಕಾಯಿಲ್ ಕೊಳ್ಳುವ ಮುನ್ನ ಪರೀಕ್ಷಿಸಿರಿ

ಕೋಲಾರ, ಮಾಲೂರು, ಹೊಸಕೋಟೆಗಳ ಕಡೆಯಿಂದ ತರಕಾರಿ, ಸೊಪ್ಪು ತುಂಬಿಕೊಂಡು ಹಳೇ ಮದರಾಸು ರಸ್ತೆಯಲ್ಲಿ ಬೆಂಗಳೂರಿಗೆ ಬರುವ ರೈತ ಬಾಂಧವರಿಗೆ ಬೆಳಗಿನ ಜಾವದ ಒಂದೊಂದು ಗಳಿಗೆಯೂ ಹಣವೇ ಸರಿ. ಕೆ.ಆರ್. ಪುರದ ಸಂತೆಗಾಗಲಿ, ಹಲಸೂರಿಗಾಗಲಿ, ಶಿವಾಜಿನಗರದ ರಸೆಲ್ ಮಾರುಕಟ್ಟೆಗಾಗಲಿ ಬಿಸಿಲೇರಿದ ಮೇಲೆ ತಲುಪಿದ ಕೊತ್ತಂಬರಿ ಸೊಪ್ಪನ್ನು ಕೇಳುವವರಿಲ್ಲ. ಇಂಥ ಹೊತ್ತಿನಲ್ಲಿ ಟಿನ್ ಫ್ಯಾಕ್ಟರಿಯ ಬಳಿ ಗಾಡಿ ಕುಲುಕಾಡಿ, ಆಕ್ಸಿಲರೇಟರ್ ಒತ್ತಿದರೂ ಎಳೆಯದೆ ನಿಂತರೆ ಆಗುವ ನಷ್ಟ ಎಷ್ಟೆಂಬುದನ್ನು ತಮಗೆ ಹೇಳಬೇಕಾಗಿಲ್ಲ.

ಬೇಸಾಯಶಾಸ್ತ್ರದವನಿಗೆ ಎಂಜಿನ್ನಿನ ಗೊಡವೆ ಏಕೆಂದು ತಾವು ಕೇಳಬಹುದು. ನನ್ನ ತಮ್ಮನ ಸಿ.ಎನ್.ಜಿ. ಗಾಡಿ ಹೀಗೆಯೇ ಮಿಸ್ಸಿಂಗ್ ಹೊಡೆಯಲಾರಂಭಿಸಿದಾಗ ಒಂದು ಗ್ಯಾರೇಜಿನಲ್ಲಿ ಯಾವ ಪರೀಕ್ಷೆಯನ್ನೂ ಮಾಡದೆ ನಾಲ್ಕು ಇಗ್ನಿಷನ್ ಕಾಯಿಲ್‌ಗಳನ್ನೂ ಬದಲಾಯಿಸಿದರು. ಆ ವಾರದ ಟೊಮೆಟೊ ಹಣವೆಲ್ಲ ಅದಕ್ಕೇ ಹೋಯಿತು. ಹದಿನೈದು ದಿನಗಳಲ್ಲಿ ಅದೇ ತೊಂದರೆ ಮರುಕಳಿಸಿತು. ಎಲೆ ಹಳದಿಯಾದೊಡನೆ ಯೂರಿಯಾ ಎರಚುವವರನ್ನು ನಾವು ನಿತ್ಯ ಕಾಣುತ್ತೇವೆ. ಹಳೆಯ ಎಲೆ ಹಳದಿಯಾದರೆ ಸಾರಜನಕದ ಕೊರತೆ ಇರಬಹುದು. ಎಳೆಯ ಎಲೆ ಹಳದಿಯಾದರೆ ಕಬ್ಬಿಣ ಅಥವಾ ಗಂಧಕದ ಕೊರತೆ ಇರಬಹುದು. ಲಕ್ಷಣ ಎಲ್ಲಿದೆ ಎಂದು ನೋಡದೆ ಗೊಬ್ಬರ ಹಾಕಿದರೆ ಹಣ ಮಣ್ಣುಪಾಲು. ಎಂಜಿನ್ನಿನ ವಿಷಯವೂ ಹಾಗೆಯೇ.

ಎಲ್ಲಕ್ಕಿಂತ ಮೊದಲು ತಮ್ಮ ಗಾಡಿಗೆ ಕಾಯಿಲ್ ಇದೆಯೇ ಎಂಬುದನ್ನು ತಿಳಿದುಕೊಳ್ಳಿರಿ. ಡೀಸೆಲ್ ಎಂಜಿನ್ನಿನಲ್ಲಿ ಒತ್ತಡದಿಂದ ಕಾದ ಗಾಳಿಗೆ ಇಂಧನ ಸಿಂಪಡಿಸಿದೊಡನೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಕಿಡಿಯ ಅವಶ್ಯಕತೆ ಇಲ್ಲ, ಆದುದರಿಂದ ಕಾಯಿಲ್ಲೂ ಇಲ್ಲ. ಡೀಸೆಲ್ ಬೊಲೆರೊ ಪಿಕಪ್ ಅಥವಾ 2005ರಲ್ಲಿ ಬಂದ ಮೊದಲ ಟಾಟಾ ಏಸ್ ಇಟ್ಟುಕೊಂಡವರಿಗೆ ಯಾರಾದರೂ ‘ಕಾಯಿಲ್ ಹೋಗಿದೆ’ ಎಂದರೆ ಆ ಗ್ಯಾರೇಜಿನಿಂದ ಗಾಡಿ ಹೊರತೆಗೆಯುವುದೇ ಲೇಸು. ಆದರೆ 2020ರ ಏಪ್ರಿಲ್‌ನಲ್ಲಿ ಬಿ.ಎಸ್. 6 ನಿಯಮ ಜಾರಿಯಾದ ಮೇಲೆ ಸಣ್ಣ ಗಾಡಿಗಳಲ್ಲಿ ಪೆಟ್ರೋಲ್ ಮತ್ತು ಸಿ.ಎನ್.ಜಿ. ಎಂಜಿನ್ನುಗಳ ಬಳಕೆ ಹೆಚ್ಚಿದೆ. ಏಸ್ ಗೋಲ್ಡ್ ಪೆಟ್ರೋಲ್ ಗಾಡಿಗೆ ಎರಡು ಸಿಲಿಂಡರ್, ಮಾರುತಿ ಸೂಪರ್ ಕ್ಯಾರಿಯ ಪೆಟ್ರೋಲ್ ಎಂಜಿನ್ನಿಗೆ ನಾಲ್ಕು. ಜೋಡಿ ಎತ್ತುಗಳಲ್ಲಿ ಒಂದು ನೊಗಕ್ಕೆ ಹೆಗಲು ಕೊಡದಿದ್ದರೆ ಬಂಡಿ ಹೇಗೆ ಅಡ್ಡಾದಿಡ್ಡಿಯಾಗುವುದೋ, ಎರಡು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದು ಉರಿಯದಿದ್ದರೆ ಹಾಗಾಗುತ್ತದೆ.

ಕಾಯಿಲ್ ಎಂಬುದು ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್. ಕೊಳವೆ ಬಾವಿಯ ಬಳಿ ಇರುವ ಟ್ರಾನ್ಸ್‌ಫಾರ್ಮರ್ 11 ಸಾವಿರ ವೋಲ್ಟನ್ನು ಪಂಪಿಗೆ ಬೇಕಾದಷ್ಟಕ್ಕೆ ಇಳಿಸುತ್ತದೆ. ಇದಾದರೋ ಬ್ಯಾಟರಿಯ 12 ವೋಲ್ಟನ್ನು 20ರಿಂದ 40 ಸಾವಿರದವರೆಗೆ ಏರಿಸುತ್ತದೆ. ಒಳಗೆ ದಪ್ಪ ತಂತಿಯ ಕೆಲವೇ ಸುತ್ತುಗಳೂ ಕೂದಲೆಳೆಯಂಥ ತಂತಿಯ ಸಾವಿರಾರು ಸುತ್ತುಗಳೂ ಇರುತ್ತವೆ. ಎಂಜಿನ್ನಿನ ನಿಯಂತ್ರಕ ಪೆಟ್ಟಿಗೆಯು ದಪ್ಪ ತಂತಿಯ ಪ್ರವಾಹವನ್ನು ತಟ್ಟನೆ ಕಡಿದಾಗ ಸಣ್ಣ ತಂತಿಯಲ್ಲಿ ಭಾರಿ ವೋಲ್ಟೇಜ್ ಹುಟ್ಟಿ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ. ಪ್ಲಗ್ಗಿನ ತುದಿ ಸವೆದು ಅಂತರ ಹೆಚ್ಚಿದಷ್ಟೂ ಕಿಡಿ ಹಾರಿಸಲು ಹೆಚ್ಚು ವೋಲ್ಟೇಜ್ ಬೇಕು. ಸಿ.ಎನ್.ಜಿ.ಗೆ ಪೆಟ್ರೋಲಿಗಿಂತಲೂ ಹೆಚ್ಚು ಬೇಕು. ಈ ಹೊರೆಯನ್ನು ಹೊತ್ತು ಹೊತ್ತು ಕಾಯಿಲ್ಲಿನ ಒಳಗಿನ ಅವಾಹಕ ಲೇಪ ಬಿರಿಯುತ್ತದೆ. ಅಂದರೆ ಎಷ್ಟೋ ಸಂದರ್ಭಗಳಲ್ಲಿ ಕಾಯಿಲ್ಲನ್ನು ಕೊಂದದ್ದು ಅಗ್ಗದ ಪ್ಲಗ್ಗು.

ಲಕ್ಷಣಗಳು ತಮಗೆ ಗೊತ್ತಿರುವಂಥವೇ: ನಿಂತಲ್ಲಿ ನಡುಕ, ಏರಿನಲ್ಲಿ ಜರ್ಕು, ಹೊಗೆಯಲ್ಲಿ ಹಸಿ ಪೆಟ್ರೋಲಿನ ವಾಸನೆ, ಮೈಲೇಜ್ ಇಳಿಕೆ. ಡ್ಯಾಷ್‌ಬೋರ್ಡಿನ ಎಂಜಿನ್ ದೀಪವನ್ನು ಮಾತ್ರ ಅಲಕ್ಷಿಸಬೇಡಿರಿ. ಅದು ಸ್ಥಿರವಾಗಿ ಉರಿಯುತ್ತಿದ್ದರೆ ಬೇಗ ಪರೀಕ್ಷಿಸತಕ್ಕದ್ದು. ಮಿಣುಕುತ್ತಿದ್ದರೆ ವೇಗ ಇಳಿಸಿ, ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸತಕ್ಕದ್ದು. ಉರಿಯದೆ ಹೊರಹೋದ ಪೆಟ್ರೋಲ್ ಸೈಲೆನ್ಸರ್ ಮಾರ್ಗದಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿಯುತ್ತದೆ. ಅಲ್ಲಿನ ಶಾಖ ಸಾವಿರ ಡಿಗ್ರಿ ಸೆಲ್ಸಿಯಸ್ ಮೀರಿ ಒಳಗಿನ ಜೇನುಗೂಡಿನಂಥ ಭಾಗ ಕರಗಬಹುದು. ಪ್ಲಾಟಿನಂ, ಪಲ್ಲಾಡಿಯಂ ಜಾತಿಯ ಲೋಹಗಳನ್ನು ಲೇಪಿಸಿರುವ ಆ ಭಾಗದ ಬೆಲೆಯ ಮುಂದೆ ಕಾಯಿಲ್ಲಿನ ಬೆಲೆ ಏನೇನೂ ಅಲ್ಲ. ಇನ್ನೊಂದು ಮಾತು: ಹೀಗೆ ಓಡಿ ಬಂದ ಗಾಡಿಯನ್ನು ಕಣದಲ್ಲಿ ರಾಗಿ ಹುಲ್ಲಿನ ಮೇಲೆ ಎಂದಿಗೂ ನಿಲ್ಲಿಸಬಾರದು. ಬೆಂಕಿ ಬಿದ್ದರೆ ಗಾಡಿಯೊಂದಿಗೆ ವರ್ಷದ ಮೇವೂ ಹೋದೀತು.

ಇನ್ನು ಪರೀಕ್ಷೆಯ ಕ್ರಮ. ಈಗಿನ ಗಾಡಿಗಳಲ್ಲಿ ಸ್ಟೀರಿಂಗ್ ಕೆಳಗೆ ಸ್ಕ್ಯಾನರ್ ಜೋಡಿಸುವ ಸಾಕೆಟ್ ಇರುತ್ತದೆ. ಮೊಬೈಲಿಗೆ ಸಂಪರ್ಕವಾಗುವ ಚಿಕ್ಕ ಸ್ಕ್ಯಾನರನ್ನು ಊರಿನ ನಾಲ್ಕು ಮಂದಿ ಸೇರಿ ಕೊಂಡರೆ ಯಾರಿಗೂ ಭಾರವಾಗದು. ಪಿ 0301 ಎಂದು ತೋರಿಸಿದರೆ ಮೊದಲನೆಯ ಸಿಲಿಂಡರ್, ಪಿ 0302 ಎಂದರೆ ಎರಡನೆಯದು ಸರಿಯಾಗಿ ಉರಿಯುತ್ತಿಲ್ಲ. ಪಿ 0300 ಎಂದರೆ ಒಂದೇ ಸಿಲಿಂಡರಿಗೆ ಸೀಮಿತವಲ್ಲದ ದೋಷ. ಗಮನಿಸಿರಿ, ಯಂತ್ರವು ಸಿಲಿಂಡರನ್ನು ಹೇಳಿತೇ ಹೊರತು ಕಾಯಿಲ್ ಕೆಟ್ಟಿದೆ ಎಂದು ಹೇಳಲಿಲ್ಲ.

ಅದನ್ನು ತಿಳಿಯಲು ಖರ್ಚಿಲ್ಲದ ಉಪಾಯವೆಂದರೆ ಅದಲುಬದಲು. ಸಿಲಿಂಡರಿಗೊಂದರಂತೆ ಕಾಯಿಲ್ ಇರುವ ಗಾಡಿಯಾದರೆ ಎರಡನೆಯದನ್ನು ಮೂರಕ್ಕೂ ಮೂರನೆಯದನ್ನು ಎರಡಕ್ಕೂ ಹಾಕಿ, ಹಳೆಯ ಕೋಡನ್ನು ಅಳಿಸಿ, ಸ್ವಲ್ಪ ದೂರ ಓಡಿಸಿರಿ. ಪಿ 0302 ಹೋಗಿ ಪಿ 0303 ಬಂದರೆ ಕಾಯಿಲ್ಲೇ ಅಪರಾಧಿ. ದೋಷ ಎರಡರಲ್ಲಿಯೇ ಉಳಿದರೆ ಕಾಯಿಲ್ ನಿರಪರಾಧಿ. ಪ್ಲಗ್, ಇಂಜೆಕ್ಟರ್, ವೈರಿನ ಸಂಪರ್ಕ ಅಥವಾ ವಾಲ್ವುಗಳ ಕಡೆ ನೋಡಬೇಕು. ಒಂದೇ ಕಾಯಿಲ್‌ನಿಂದ ಉದ್ದನೆಯ ವೈರುಗಳು ಹೋಗುವ ಗಾಡಿಗಳಲ್ಲಿ ಈ ಪರೀಕ್ಷೆ ಬಾರದು. ಅಲ್ಲಿ ಮೊದಲು ವೈರುಗಳನ್ನು ಪರೀಕ್ಷಿಸಬೇಕು. ನನ್ನ ತಮ್ಮನ ಗಾಡಿಯಲ್ಲಿ ಕಾಯಿಲ್ ಬದಲಿಸಿದರೂ ದೋಷ ಅಲ್ಲಿಯೇ ಉಳಿಯಿತು. ಪ್ಲಗ್ ಬಿಚ್ಚಿ ನೋಡಿದರೆ ತುದಿ ಸವೆದು ಮೊಂಡಾಗಿತ್ತು. ನಾಲ್ಕು ಹೊಸ ಪ್ಲಗ್ಗುಗಳಲ್ಲಿ ಕೆಲಸ ಮುಗಿಯಿತು. ಆ ಗಾಡಿ ಪೆಟ್ರೋಲಿನಲ್ಲಿ ಚೆನ್ನಾಗಿಯೇ ಓಡುತ್ತಿತ್ತು, ಸಿ.ಎನ್.ಜಿ.ಯಲ್ಲಿ ಮಾತ್ರ ಎಡವುತ್ತಿತ್ತು; ಕಿಡಿ ದುರ್ಬಲವಾಗಿದೆ ಎಂಬ ಸೂಚನೆ ಅಲ್ಲಿಯೇ ಇತ್ತು, ಯಾರೂ ಗಮನಿಸಲಿಲ್ಲ.

ಹಳೆಯ ಜೀಪುಗಳ ಕಾಲದಲ್ಲಿ ಎಂಜಿನ್ ಓಡುತ್ತಿರುವಾಗಲೇ ಪ್ಲಗ್ ವೈರ್ ಕಿತ್ತು, ಬಾಡಿಗೆ ತಾಗಿಸಿ ಕಿಡಿ ನೋಡುವ ಪದ್ಧತಿ ಇತ್ತು. ಈಗಿನ ಗಾಡಿಗಳಲ್ಲಿ ಇದನ್ನು ಸರ್ವಥಾ ಮಾಡಕೂಡದು. ಶಾಕ್ ತಗಲುವುದಲ್ಲದೆ ನಿಯಂತ್ರಕ ಪೆಟ್ಟಿಗೆಯೇ ಸುಟ್ಟುಹೋಗುವ ಸಂಭವವಿದೆ.

ಕಾಯಿಲ್ ಬಿಚ್ಚುವಾಗ ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಕೀಲಿ ತೆಗೆದು, ಬ್ಯಾಟರಿಯ ಋಣ ತುದಿಯನ್ನು ಕಳಚಿರಿ. ಕನೆಕ್ಟರಿನ ಬೀಗವನ್ನು ಒತ್ತಿ ಹಿಡಿದು ಕನೆಕ್ಟರನ್ನೇ ಎಳೆಯಬೇಕು, ವೈರನ್ನಲ್ಲ. ಬೋಲ್ಟ್ ತೆಗೆದ ಮೇಲೆ ಕಾಯಿಲ್ಲನ್ನು ಸ್ವಲ್ಪ ತಿರುಚಿ ನೇರವಾಗಿ ಮೇಲಕ್ಕೆತ್ತಿರಿ. ಅದರ ರಬ್ಬರ್ ಕೊಳವೆಯ ಮೇಲೆ ಪೆನ್ಸಿಲಿನಲ್ಲಿ ಗೀಚಿದಂಥ ಕಪ್ಪು ಗೆರೆ ಇದ್ದರೆ ಕಿಡಿ ಅಡ್ಡದಾರಿ ಹಿಡಿದಿದೆ ಎಂದರ್ಥ. ಕುಳಿಯಲ್ಲಿ ಎಣ್ಣೆ ನಿಂತಿದ್ದರೆ ಮೇಲಿನ ಮುಚ್ಚಳದ ಗ್ಯಾಸ್ಕೆಟ್ ಸೋರುತ್ತಿದೆ. ಅದನ್ನು ಸರಿಪಡಿಸದೆ ಹೊಸ ಕಾಯಿಲ್ ಹಾಕಿ ಫಲವಿಲ್ಲ. ನೀರಿದ್ದರೆ ಬಹುಶಃ ತಾವೇ ಹೊಣೆ: ಮಾರುಕಟ್ಟೆಯಿಂದ ಬಂದು ಗಾಡಿ ತೊಳೆಯುವಾಗ ಪೈಪನ್ನು ಎಂಜಿನ್ನಿನ ಮೇಲೆ ಬಿಡಬಾರದು. ಪ್ಲಗ್ ಬಿಚ್ಚುವ ಮುನ್ನ ಕುಳಿಯ ಧೂಳನ್ನು ಗಾಳಿಯಿಂದ ಊದಿಸಿರಿ. ಹೊಸದನ್ನು ಮೊದಲು ಕೈಯಿಂದಲೇ ಮರೆ ಹಿಡಿಸಿ, ಅನಂತರ ಗಾಡಿಯ ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿಗೊಳಿಸಿರಿ. ಅಲ್ಯೂಮಿನಿಯಂ ಮರೆ ಕೆಟ್ಟರೆ ದೊಡ್ಡ ಕೆಲಸವಾಗುತ್ತದೆ.

ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಬಾಗಿಲು, ದೀಪ, ಬಂಪರುಗಳನ್ನು ಧಾರಾಳವಾಗಿ ಕೊಳ್ಳಬಹುದು. ಹಳೆಯ ಕಾಯಿಲ್ ಮಾತ್ರ ಬೇಡವೆಂಬುದು ನನ್ನ ಅಭಿಪ್ರಾಯ. ಒಳಗಿನ ಬಿರುಕು ಕಣ್ಣಿಗೆ ಕಾಣದು. ತಣ್ಣಗಿರುವಾಗ ಸರಿಯಾಗಿದ್ದು ಕಾದ ಮೇಲೆ ಕೈಕೊಡುತ್ತದೆ. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಜೊತೆಗೆ ಒಯ್ದು, ಅದರ ಮೇಲಿನ ಸಂಖ್ಯೆಯನ್ನು ತಾಳೆ ನೋಡಿರಿ.

ಜೋಡಣೆಯಾದ ಮೇಲೆ ಕೋಡ್ ಅಳಿಸಿ, ಪೆಟ್ರೋಲ್ ಮತ್ತು ಸಿ.ಎನ್.ಜಿ. ಎರಡರಲ್ಲಿಯೂ ಹೊರೆ ಹೇರಿ ಒಂದು ಏರನ್ನು ಹತ್ತಿಸಿ ನೋಡಿರಿ. ಆಗಲೂ ಅದೇ ಸಿಲಿಂಡರಿನ ಕೋಡ್ ಮರಳಿದರೆ ಮತ್ತೊಂದು ಕಾಯಿಲ್ ಕೊಳ್ಳದೆ ಕಂಪ್ರೆಷನ್ ಪರೀಕ್ಷೆ ಮಾಡಿಸಿರಿ, ಸಿ.ಎನ್.ಜಿ. ಗಾಡಿಗಳಲ್ಲಿ ವಾಲ್ವಿನ ಪೀಠ ಸವೆದಿರುವುದೂ ಉಂಟು.