ಗಾಜಿನ ಬಿಲ್ಲೆಗಳು ಹೇಳಿದ ದಿರ್ಹಮಿನ ತೂಕ

ಗಂಗೊಳ್ಳಿ, ಶಿರೂರು, ಬ್ರಹ್ಮಾವರದ ಕಡೆ ನಿಖಾ ಗೊತ್ತಾದಾಗ ಮಹರಿನ ಮಾತು ಹೆಚ್ಚಾಗಿ ಪವನಿನಲ್ಲೇ ನಡೆಯುತ್ತದೆ. ಮಹರ್ ಎಂದರೆ ವರ ವಧುವಿಗೆ ಕೊಡಲೇಬೇಕಾದ ಧನ. ಕೊಟ್ಟ ಮೇಲೆ ಅವಳೊಬ್ಬಳದೇ ಸ್ವತ್ತು. ವರದಕ್ಷಿಣೆ ಹೋಗುವ ದಿಕ್ಕು ಇದಕ್ಕೆ ತೀರಾ ಉಲ್ಟಾ. 1961ರ ವರದಕ್ಷಿಣೆ ನಿಷೇಧ ಕಾಯಿದೆ ಕೂಡ ಮಹರನ್ನು ತನ್ನ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಪವನು ಲೆಕ್ಕಕ್ಕೆ ಸುಲಭ. ಅದು ಬ್ರಿಟಿಷರ ಚಿನ್ನದ ನಾಣ್ಯದ ತೂಕ, 7.988 ಗ್ರಾಂ, ನಾಣ್ಯ ಚಲಾವಣೆಯಿಂದ ಹೋದರೂ ಅಂಗಡಿಯಲ್ಲಿ 8 ಗ್ರಾಂ ಆಗಿ ಉಳಿದುಕೊಂಡಿದೆ.

ಕೆಲವು ಮನೆಯವರು ಮಾತ್ರ ‘ಮಹರೇ ಫಾತಿಮಿ’ಯೇ ಆಗಲಿ ಎನ್ನುತ್ತಾರೆ. ಪ್ರವಾದಿಯವರ ಮಗಳು ಫಾತಿಮಾರ ಮಹರಿನಷ್ಟು ಎಂದರ್ಥ. ರೂಢಿಯ ಎಣಿಕೆಯಲ್ಲಿ ಅದು 500 ದಿರ್ಹಮ್ ಬೆಳ್ಳಿ. ಪ್ರವಾದಿಯವರ ಪತ್ನಿಯರ ಮಹರ್ ಹನ್ನೆರಡೂವರೆ ಊಕಿಯಾ ಇತ್ತೆಂದು ಅವರಲ್ಲೊಬ್ಬರಾದ ಆಯಿಶಾ ಹೇಳಿದ್ದು ಹದೀಸಿನಲ್ಲಿದೆ. ಊಕಿಯಾಕ್ಕೆ 40 ದಿರ್ಹಮ್, ಹಾಗಾಗಿ ಅದೂ 500. ಆದರೆ ತಕ್ಕಡಿಯ ಮುಂದೆ ಕೂತ ಅಕ್ಕಸಾಲಿಗನಿಗೆ ಬೇಕಾದದ್ದು ಗ್ರಾಂ.

ಈ ತೀರಕ್ಕೆ ಇಂಥ ಪರಿವರ್ತನೆ ಹೊಸದೇನಲ್ಲ. 14ನೇ ಶತಮಾನದಲ್ಲಿ ಇಬ್ನ್ ಬತೂತ ಬಾರಕೂರಿಗೆ ಬಂದಾಗ ಅಲ್ಲಿ ಜುಮಾ ಮಸೀದಿಯೂ ಇತ್ತು, ಖಾಝಿಯೂ ಇದ್ದ. ಶಾಸನಗಳು ಹೇಳುವ ಬಾರಕೂರು ಗದ್ಯಾಣ ಓಡಾಡುತ್ತಿದ್ದ ಪೇಟೆ ಅದು. ದಿರ್ಹಮನ್ನು ಊರಿನ ನಾಣ್ಯಕ್ಕೆ ಇಳಿಸದೆ ಆ ಖಾಝಿಯ ಕೆಲಸ ಸಾಗಿರಲಾರದು.

ಧರ್ಮಶಾಸ್ತ್ರದ ಗ್ರಂಥಗಳು ತೂಕವನ್ನು ಜವೆಗೋಧಿಯ ಕಾಳಿನಲ್ಲಿ ಹೇಳುತ್ತವೆ. ಹನಫಿಗಳಲ್ಲಿ ದಿರ್ಹಮಿಗೆ 70 ಕಾಳು, ಚಿನ್ನ ತೂಗುವ ಮಿಸ್ಕಾಲಿಗೆ 100. ನವಾಯತರೂ ಬ್ಯಾರಿಗಳೂ ನಡೆದುಕೊಳ್ಳುವ ಶಾಫಿ ಪಂಥದಲ್ಲಿ ದಿರ್ಹಮಿಗೆ ಐವತ್ತು ಕಾಳಿನ ಮೇಲೆ ಐದರಲ್ಲಿ ಎರಡು ಪಾಲು, ಮಿಸ್ಕಾಲಿಗೆ 72. ಎರಡೂ ಕಡೆ ಒಂದು ಸಂಗತಿ ಮಾತ್ರ ಅಲುಗುವುದಿಲ್ಲ: ಹತ್ತು ದಿರ್ಹಮಿನ ತೂಕ ಏಳು ಮಿಸ್ಕಾಲಿನ ತೂಕಕ್ಕೆ ಸಮ. ಒಗಟು ಬಿಡಿಸಿದ್ದು ಕೊನೆಗೆ ಈ ಸೂತ್ರವೇ.

ಕಾಳನ್ನು ನಂಬಿ ಹೊರಟವರು ಎಷ್ಟು ದೂರ ಚದುರಿದರೆಂಬುದಕ್ಕೆ ನಮ್ಮ ದೇಶದಲ್ಲೇ ಸಾಕ್ಷಿಯಿದೆ. ಲಖನೌದ ಹನಫಿ ವಿದ್ವಾಂಸ ಅಬ್ದುಲ್ ಹೈ ಒಂದು ಗುಲಗಂಜಿಗೆ ನಾಲ್ಕು ಜವೆ ಎಂದು ಹಿಡಿದರು. ಆಗ ದಿರ್ಹಮಿಗೆ ಹದಿನೇಳೂವರೆ ಗುಲಗಂಜಿ ಬರುತ್ತದೆ. ಝಕಾತ್ ಎಂಬ ದಾನ ಕಡ್ಡಾಯವಾಗುವ 200 ದಿರ್ಹಮ್ ಬೆಳ್ಳಿ ಸುಮಾರು ಮೂವತ್ತಾರೂವರೆ ತೊಲಕ್ಕೆ ನಿಲ್ಲುತ್ತದೆ. ಉಳಿದ ಹೆಚ್ಚಿನವರ ಲೆಕ್ಕ ಐವತ್ತೆರಡೂವರೆ ತೊಲ. ಒಂದೇ ದೇಶ, ಒಂದೇ ಪಂಥ, ನಡುವೆ ಹದಿನಾರು ತೊಲದ ಅಂತರ! ದೇವಬಂದಿನ ಮುಫ್ತಿ ಮುಹಮ್ಮದ್ ಶಫಿ ‘ಔಝಾನೆ ಶರಇಯ್ಯ’ ಎಂಬ ಪುಸ್ತಿಕೆಯಲ್ಲಿ ಈ ಜಗಳವನ್ನೇ ಕೈಗೆತ್ತಿಕೊಂಡರು. ಓದಿದ್ದಷ್ಟನ್ನೇ ನೆಚ್ಚದೆ ಜವೆಯನ್ನೂ ಗುಲಗಂಜಿಯನ್ನೂ ತೂಗಿಯೇ ನೋಡಿದರು. ಗುಲಗಂಜಿಯೊಂದಕ್ಕೆ ಮೂರು ಜವೆಯೂ ಪೂರಾ ಹಿಡಿಯುವುದಿಲ್ಲವೆಂದು ಕಂಡಿತು. ಐವತ್ತೆರಡೂವರೆ ತೊಲದ ಲೆಕ್ಕವೇ ಗಟ್ಟಿಯಾಯಿತು. ಅದರಂತೆ ದಿರ್ಹಮಿಗೆ 3.0618 ಗ್ರಾಂ, ಮಹರೇ ಫಾತಿಮಿ ನೂರಮೂವತ್ತೊಂದೂಕಾಲು ತೊಲ, ಅಂದರೆ 1530.9 ಗ್ರಾಂ.

ತೊಲಕ್ಕೆ 180 ಗ್ರೇನು, 11.664 ಗ್ರಾಂ. 1835ರ ಕಾಯಿದೆಯ ಬೆಳ್ಳಿ ರೂಪಾಯಿಯ ತೂಕವೂ ಅಷ್ಟೇ. ಆದರೆ ಅದರಲ್ಲಿ ಹನ್ನೆರಡಕ್ಕೆ ಹನ್ನೊಂದು ಪಾಲು ಮಾತ್ರ ಬೆಳ್ಳಿ. ನೂರಮೂವತ್ತೊಂದೂಕಾಲು ತೊಲ ಅಪ್ಪಟ ಬೆಳ್ಳಿ ಕೂಡಬೇಕಾದರೆ ಅಂಥ 143 ರೂಪಾಯಿಯೂ ಸಾಲದು. ತೂಕ ಹೇಳಿ ಶುದ್ಧತೆ ಹೇಳದಿದ್ದರೆ ಹೆಣ್ಣಿನ ಪಾಲಿಗೆ ಹೀಗೆ ಕಡಿಮೆ ಬೀಳುತ್ತದೆ.

ಇನ್ನೊಂದು ದಾರಿ ತೆರೆದದ್ದು ಈಜಿಪ್ಟಿನಲ್ಲಿ. ಖಲೀಫ ಅಬ್ದುಲ್ ಮಲಿಕ್ ಹಿಜರಿ 77ರಲ್ಲಿ, ಅಂದರೆ 696–97ರಲ್ಲಿ, ಹೊಸ ಚಿನ್ನದ ದೀನಾರ್ ಹೊರಡಿಸಿದ; ಎರಡು ವರ್ಷ ಬಿಟ್ಟು ಬೆಳ್ಳಿ ದಿರ್ಹಮ್. ಬೆಳ್ಳಿ ನಾಣ್ಯಗಳು ಸವೆದು, ಅಂಚು ಕತ್ತರಿಸಿಕೊಂಡು ಒಂದೊಂದು ಒಂದೊಂದು ತೂಗುತ್ತವೆ. ಅವನ್ನು ತೂಗಿ ತೀರ್ಮಾನಕ್ಕೆ ಬರಲಾಗದು. ಈಜಿಪ್ಟಿನ ನೆಲದಲ್ಲಿ ಅರಬ್ಬಿ ಬರಹದ ಸಣ್ಣ ಗಾಜಿನ ಬಿಲ್ಲೆಗಳೂ ಸಿಗುತ್ತಿದ್ದವು. ಗಾಜಿನ ಹಣವೆಂದೇ ಹಲವರು ತಿಳಿದಿದ್ದರು. ಬರಹ ಓದಿದಾಗ ಅಧಿಕಾರಿಯ ಹೆಸರಿನ ಜತೆ ‘ದೀನಾರಿನ ತೂಕ, ಪೂರ್ತಿ’ ಎಂಬ ಅರ್ಥದ ಮಾತಿತ್ತು. ಅವು ನಾಣ್ಯ ತೂಗುವ ಬಟ್ಟುಗಳು! 709ರಿಂದ 714ರವರೆಗೆ ಈಜಿಪ್ಟನ್ನು ಆಳಿದ ಕುರ್ರಾ ಇಬ್ನ್ ಶರೀಕನ ಹೆಸರಿನವೂ ಸಿಕ್ಕವು. ಗಾಜು ತುಕ್ಕು ಹಿಡಿಯುವುದಿಲ್ಲ. ಯಾರಾದರೂ ಉಜ್ಜಿದರೆ, ಚಕ್ಕೆ ಎಬ್ಬಿಸಿದರೆ ಕಣ್ಣಿಗೆ ಕಾಣುತ್ತದೆ. ಹದಿಮೂರು ಶತಮಾನದ ಹಿಂದಿನ ಆಡಳಿತಗಾರರ ಈ ಆಯ್ಕೆಗೆ ತಲೆಬಾಗಬೇಕು. ಗಾಜು ನಾಣ್ಯತೂಕಕ್ಕೆ ಏಕೆ ತಕ್ಕುದೆಂದು ಇ. ಟಿ. ರಾಜರ್ಸ್ 1873ರಲ್ಲಿ ಬರೆದ. ಬ್ರಿಟಿಷ್ ಮ್ಯೂಸಿಯಮ್ಮಿನ ಬಿಲ್ಲೆಗಳ ಪಟ್ಟಿಯನ್ನು ಸ್ಟ್ಯಾನ್ಲಿ ಲೇನ್-ಪೂಲ್ 1891ರಲ್ಲಿ ಹೊರತಂದ. ಚೆನ್ನಾಗಿ ಉಳಿದ ದೀನಾರುಗಳೂ ಗಾಜಿನ ಬಟ್ಟುಗಳೂ ಒಂದೇ ಮಾತು ಹೇಳಿದವು: ಸುಮಾರು 4.25 ಗ್ರಾಂ.

ಚಿನ್ನದ ತೂಕ ಸಿಕ್ಕಿದ ಮೇಲೆ ಬೆಳ್ಳಿಯದು ತಾನಾಗಿ ಬಂತು. ಏಳು ಸಲ 4.25, ಹತ್ತರಿಂದ ಭಾಗಿಸಿದರೆ 2.975. ಯೂಸುಫ್ ಅಲ್ ಖರ್ದಾವಿಯಂಥ ಧರ್ಮಪಂಡಿತರೂ ಝಕಾತಿಗೆ ಈ ಅಳತೆಯನ್ನೇ ಒಪ್ಪಿದರು. ಇದರಂತೆ 500 ದಿರ್ಹಮ್ 1487.5 ಗ್ರಾಂ. ತೊಲದ ಲೆಕ್ಕಕ್ಕಿಂತ 43.4 ಗ್ರಾಂ ಕಡಿಮೆ.

ಚರಿತ್ರೆಯ ಪ್ರಶ್ನೆಗೆ ಗಾಜಿನ ಸಾಕ್ಷಿಯೇ ಗಟ್ಟಿ ಎಂದು ನಾನು ನಂಬುತ್ತೇನೆ. ಆದರೂ ಮಹರೇ ಫಾತಿಮಿ ಕೊಡುವವರು 1531 ಗ್ರಾಂ ಕೊಡಲಿ. ಎರಡು ಲೆಕ್ಕವೂ ಅದರೊಳಗೆ ಸಲ್ಲುತ್ತವೆ, ಹೆಚ್ಚಿನದು ಅವಳ ಕೈಸೇರುತ್ತದೆ. ನಿಖಾ ಪುಸ್ತಕದಲ್ಲಿ ‘500 ದಿರ್ಹಮ್’ ಎಂದಷ್ಟೇ ಬರೆದು ನಿಲ್ಲಿಸಬೇಡಿ. ಎಷ್ಟು ಗ್ರಾಂ, ಎಂಥ ಶುದ್ಧತೆ, ಕೈಗೆ ಕೊಟ್ಟದ್ದೋ ಬಾಕಿಯೋ, ಇಷ್ಟನ್ನೂ ಬರೆಸಿ, ಅವಳಿಗೆ ಓದಿ ಹೇಳಿ.